ಹತ್ತು ಮಿಲಿಆಂಪ್ ಕರೆಂಟು, ಮೂರು ಗುಟುಕು ಪಾದೋದಕ

ನನಗೊಂದು ಕೆಟ್ಟ ಚಾಳಿಯಿದೆ. ಎದುರಿಗೆ ಯಾರೇ ಕೂತು ಏನೇ ಕುಡಿಯಲಿ, ನನ್ನ ಕಣ್ಣು ಅವರ ಗಂಟಲಮಣಿಯ ಮೇಲೆ ನೆಟ್ಟುಬಿಡುತ್ತದೆ. ಅದು ಎಷ್ಟು ಮೇಲೇರಿತು, ಎಷ್ಟು ಬೇಗ ಇಳಿಯಿತು, ಗುಟುಕಿನ ನಂತರ ದನಿ ಒದ್ದೆಯಾಯಿತೇ ಎಂದು ನೋಡುತ್ತಾ ಕೂರುತ್ತೇನೆ. ಮದುವೆಯ ಪಂಕ್ತಿಯಲ್ಲಿ ನನ್ನೆದುರು ಕೂರಲು ನಮ್ಮ ಬಂಧುಗಳು ಹಿಂದೆಮುಂದೆ ನೋಡುತ್ತಾರೆ. ನನ್ನ ಗಂಡನಂತೂ ಚಹಾ ಕುಡಿಯುವಾಗ ಬೇಕೆಂದೇ ಗೋಡೆಯ ಕಡೆ ತಿರುಗಿಕೊಳ್ಳುತ್ತಾನೆ.

ಬಳ್ಳಾರಿಯ ಕಂಟೋನ್ಮೆಂಟ್ ಕಡೆ ಇರುವ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಸ್ಪೀಚ್ ಥೆರಪಿಸ್ಟ್. ಸಿರುಗುಪ್ಪದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತೇನೆ. ಮಾತು ತಡವಾದ ಮಕ್ಕಳಿಗೆ ಮಾತು ಕಲಿಸುವುದು ಎಲ್ಲರಿಗೂ ಗೊತ್ತಿರುವ ನನ್ನ ಕೆಲಸ. ಲಕ್ವ ಹೊಡೆದವರಿಗೆ ಮತ್ತೆ ನುಂಗುವುದನ್ನು ಕಲಿಸುವುದು ಅಷ್ಟಾಗಿ ಗೊತ್ತಿಲ್ಲದ ಕೆಲಸ. ಆ ವರ್ಷ ನಮ್ಮಲ್ಲಿಗೆ ಊಟದ ಡಬ್ಬಿಯಷ್ಟು ದೊಡ್ಡ ಹೊಸ ಯಂತ್ರವೊಂದು ಬಂದಿತ್ತು. ಎರಡು ಜೋಡಿ ತಂತಿ, ಪ್ರತಿ ತಂತಿಯ ತುದಿಗೆ ನಾಣ್ಯದಗಲದ ಅಂಟುಬಿಲ್ಲೆ. ಬಿಲ್ಲೆಗಳನ್ನು ಗದ್ದದ ಕೆಳಗೂ ಗಂಟಲಮಣಿಯ ಮೇಲೂ ಅಂಟಿಸಿ ಸಣ್ಣ ಕರೆಂಟು ಹರಿಸಿದರೆ ನುಂಗುವ ಸ್ನಾಯುಗಳು ಬಿಗಿಯುತ್ತವೆ. ಕರೆಂಟೇ ನುಂಗಿಸುವುದಿಲ್ಲ. ರೋಗಿ ತಾನಾಗಿ ನುಂಗಲು ಹೆಣಗುವಾಗ ಅದು ಜೊತೆಗೊಂದು ಕೈ ಹಚ್ಚುತ್ತದೆ. ಅದರಿಂದ ಎಷ್ಟು ಉಪಯೋಗ ಎಂಬ ಬಗ್ಗೆ ಬಲ್ಲವರಲ್ಲೇ ಒಮ್ಮತವಿಲ್ಲವೆಂದು ತರಬೇತಿಯಲ್ಲಿ ಹೇಳಿದ್ದರು. ನಾನೋ, ಯಾರ ಗಂಟಲು ಸಿಕ್ಕೀತು ಎಂದು ಬಾಗಿಲು ಕಾಯುತ್ತಿದ್ದೆ.

ಸಿಕ್ಕಿದ್ದು ಕುರುಗೋಡಿನ ಲೈನ್‌ಮನ್ ಒಬ್ಬರ ಗಂಟಲು. ಸಿರುಗುಪ್ಪ, ಸಿರಿಗೇರಿ, ಕುರುಗೋಡು ಎಂದು ಊರೂರಿನ ಕರೆಂಟ್ ಕಂಬ ಹತ್ತಿ ಇಳಿದು ನಿವೃತ್ತರಾದವರು. ಲಕ್ವ ಹೊಡೆದು ಮೂರು ವಾರವಾಗಿತ್ತು. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು, ಮಾತು ತೊದಲು, ಎಡಗೈಯೂ ಬುದ್ಧಿಯೂ ಮಾತ್ರ ಗಟ್ಟಿ. ಮೂಗಿನಿಂದ ಹೊಟ್ಟೆಗಿಳಿದ ನಳಿಗೆಯಲ್ಲಿ ಗಂಜಿ, ಹಾಲು, ಔಷಧಿ ಎಲ್ಲ ಹೋಗುತ್ತಿದ್ದವು. ಬಾಯಲ್ಲಿ ಊರಿದ ಜೊಲ್ಲನ್ನೂ ನುಂಗಲಾಗದೆ ಹೆಗಲ ಟವೆಲ್ಲಿಗೆ ಒರೆಸಿಕೊಳ್ಳುತ್ತಿದ್ದರು. ಜೊತೆಗಿದ್ದವರು ಅವರ ಹೆಂಡತಿ. ಹಣೆತುಂಬ ವಿಭೂತಿ, ಮಾತು ಕಡಿಮೆ, ನರ್ಸ್ ಹೇಳಿದ್ದನ್ನು ಗಡಿಯಾರ ನೋಡಿಕೊಂಡು ಮಾಡುವ ಹೆಂಗಸು.

ನಾಲ್ಕು ಬೆರಳನ್ನು ಲೈನ್‌ಮನ್ನರ ಕತ್ತಿನ ಮೇಲಿಟ್ಟು ನುಂಗಲು ಹೇಳಿದೆ. ಸರಿಯಾಗಿ ನುಂಗುವವರ ಗಂಟಲಮಣಿ ಬೆರಳನ್ನು ದಾಟಿಕೊಂಡು ಮೇಲೇರಿ ಇಳಿಯುತ್ತದೆ. ಇವರದು ಅಲುಗಿತು, ಅಷ್ಟೇ. ಇಎನ್‌ಟಿ ಡಾಕ್ಟರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ, ಹಸಿರು ಬಣ್ಣ ಬೆರೆಸಿದ ಒಂದು ಚಮಚ ನೀರು ಕೊಟ್ಟು ನೋಡಿದರು. ಪರದೆಯ ಮೇಲೆ ಹಸಿರು ನೀರು ಅನ್ನನಾಳದ ದಾರಿ ಬಿಟ್ಟು ನೇರ ಶ್ವಾಸನಾಳಕ್ಕೆ ಜಾರಿತು. ಅವರು ಕೆಮ್ಮಲೇ ಇಲ್ಲ. ನಮಗೆ ಭಯ ಹುಟ್ಟಿಸುವುದು ಅದೇ. ಕೆಮ್ಮು ಬಂದರೆ ಪಕ್ಕದಲ್ಲಿದ್ದವರು ಎಚ್ಚೆತ್ತುಕೊಳ್ಳುತ್ತಾರೆ. ಕೆಮ್ಮಿಲ್ಲದೆ ಸೋರಿದ್ದು ಶ್ವಾಸಕೋಶ ಸೇರಿ, ಕೆಲವು ದಿನಗಳ ಮೇಲೆ ಜ್ವರವಾಗಿ ಹೊರಗೆ ಬರುತ್ತದೆ.

ನರರೋಗದ ಡಾಕ್ಟರು ಎರಡು ವಾರ ಗಡುವು ಕೊಟ್ಟರು. ಅಷ್ಟರಲ್ಲಿ ನುಂಗುವುದು ಸುಧಾರಿಸದಿದ್ದರೆ ಹೊಟ್ಟೆಗೆ ತೂತು ಮಾಡಿ ಅಲ್ಲಿಂದಲೇ ನಳಿಗೆ ಹಾಕಿ ಮನೆಗೆ ಕಳಿಸುವುದು. ಅದೇನೂ ಕೆಟ್ಟ ಉಪಾಯವಲ್ಲ, ಎಷ್ಟೋ ಜನರ ಜೀವ ಉಳಿಸಿದೆ. ಆದರೆ ಅದನ್ನು ಕೇಳಿದ ಲೈನ್‌ಮನ್ ಎಡಗೈಯನ್ನು ಗಾಳಿಯಲ್ಲಿ ಅಡ್ಡ ಬೀಸಿ ಬೇಡವೆಂದರು, ಆಮೇಲೆ ಆ ಕೈಯನ್ನು ಮೂರು ವಾರದಿಂದ ಏನೂ ರುಚಿ ನೋಡದ ಬಾಯಿಯ ಮೇಲಿಟ್ಟುಕೊಂಡರು. ಎರಡು ವಾರ ಬೇಕಾದಷ್ಟಾಯಿತು ಎಂದು ನಾನು ಕೊಚ್ಚಿಕೊಂಡೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ ಗೊತ್ತಿಲ್ಲ, ಯಂತ್ರ ಹೊಸದಿತ್ತು.

ಮೊದಲ ದಿನವೇ ಒಂದು ತೊಡಕು. ಅವರ ಕೊರಳಲ್ಲಿ ಶಿವದಾರ, ಅದಕ್ಕೆ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಕರೆಂಟು ಹರಿಯುವ ಬಿಲ್ಲೆಗಳ ಹತ್ತಿರ ಲೋಹ ಇರಬಾರದು. ಮೈಮೇಲಿನ ಲಿಂಗವನ್ನು ತೆಗೆಯಿರಿ ಎನ್ನಲು ನನ್ನ ನಾಲಿಗೆ ಏಳಲಿಲ್ಲ. ನಮ್ಮ ಮನೆಯಲ್ಲೂ ಅಜ್ಜಿ ಲಿಂಗಪೂಜೆಯಾಗದೆ ಹೊಸ್ತಿಲು ದಾಟಿದವಳಲ್ಲ. ನಾನು ತಡವರಿಸುವುದನ್ನು ಕಂಡು ಅವರ ಹೆಂಡತಿಯೇ ಎದ್ದು ಬಂದು, ದಾರವನ್ನು ಸಡಿಲಿಸಿ, ಕರಡಿಗೆಯನ್ನು ಗಂಡನ ಎಡ ತೋಳಿಗೆ ಕಟ್ಟಿದರು. ಅಲ್ಲಿಗೆ ಅರ್ಧ ನಿಮಿಷದಲ್ಲಿ ಸಮಸ್ಯೆ ಮುಗಿಯಿತು.

ಕತ್ತನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಪಕ್ಕದ ದೊಡ್ಡ ರಕ್ತನಾಳಗಳಿಂದ ದೂರವಾಗಿ ನಾಲ್ಕೂ ಬಿಲ್ಲೆ ಅಂಟಿಸಿ, ಕರೆಂಟನ್ನು ಅರ್ಧರ್ಧ ಮಿಲಿಆಂಪ್ ಏರಿಸುತ್ತಾ ಹೋದೆ. ಮೊದಲು ಇರುವೆ ಹರಿದಂತಾಗಬೇಕು, ಆಮೇಲೆ ಜುಂ ಎನ್ನಬೇಕು, ಕೊನೆಗೆ ಯಾರೋ ಗಂಟಲನ್ನು ಒಳಗಿನಿಂದ ಹಿಡಿದಂತೆ ಆಗಬೇಕು. ಆ ಹಿಡಿತ ಬಂದಾಗಲೇ ಸ್ನಾಯು ಕೆಲಸ ಶುರುಮಾಡಿತು ಎಂದು ಅರ್ಥ. ಇವರಿಗೆ ಚುಚ್ಚುತ್ತಿತ್ತೇ ಹೊರತು ಹಿಡಿಯಲಿಲ್ಲ. ಎರಡನೆಯ ದಿನ ಹೊಸ ಬಿಲ್ಲೆ ಹಾಕಿದೆ. ಮೂರನೆಯ ದಿನ ಬ್ಯಾಟರಿ ಬದಲಿಸಿದೆ, ತಂತಿ ಬದಲಿಸಿದೆ, ಬಿಲ್ಲೆಯ ಜಾಗ ಬದಲಿಸಿದೆ. ಹದಿನೈದು ಮಿಲಿಆಂಪ್ ದಾಟಿದರೂ ಬರೀ ಚುಚ್ಚು. ನರವೇ ಸತ್ತಿದೆಯೇನೋ ಎಂದು ಒಳಗೊಳಗೇ ಅಳುಕತೊಡಗಿದೆ. ಎರಡು ವಾರದಲ್ಲಿ ಮೂರು ದಿನ ನೀರಿಗೆ ಬಿದ್ದಂತಾಗಿತ್ತು.

ನಾಲ್ಕನೆಯ ದಿನ ನಾನು ಯಂತ್ರದ ಪುಸ್ತಕ ತಿರುವುತ್ತಾ ಗೊಣಗುತ್ತಿರುವಾಗ ಲೈನ್‌ಮನ್ ನನ್ನ ಕೈಯಿಂದ ಬಿಲ್ಲೆ ಕಿತ್ತುಕೊಂಡರು. ಅದರ ಅಂಟು ಮೈಯನ್ನು ಹೆಬ್ಬೆರಳಿನಿಂದ ತಿಕ್ಕಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಹೆಬ್ಬೆರಳು ಬೆಳ್ಳಗಾಗಿತ್ತು.

"ಲೈನ್ ಸರಿ ಐತ್ರಿ ಮೇಡಂ," ಎಂದು ತೊದಲಿದರು. "ಕಾಂಟ್ಯಾಕ್ಟ್ ಲೂಸ್ ಐತಿ. ಬೂದಿ ಕುಂತೈತಿ ನೋಡ್ರಿ."

ವಿಭೂತಿ. ಹೆಂಡತಿ ದಿನಾ ಬೆಳಗ್ಗೆ ಗಂಡನ ಹಾಸಿಗೆಯಲ್ಲೇ ಲಿಂಗಪೂಜೆ ಮಾಡಿಸಿ, ಹಣೆ, ಎದೆ, ತೋಳಿನ ಜೊತೆಗೆ ಕಾಯಿಲೆಯ ಜಾಗವೆಂದು ಗಂಟಲಿಗೆ ಇನ್ನಷ್ಟು ದಪ್ಪವಾಗಿ ಬಳಿಯುತ್ತಿದ್ದರು. ಹನ್ನೊಂದಕ್ಕೆ ನಾನು ಬಂದು ಸ್ಪಿರಿಟ್ಟಿನಲ್ಲಿ ಒರೆಸಿದಾಗ ಒದ್ದೆಯಾದ ವಿಭೂತಿ ಕಣ್ಣಿಗೆ ಕಾಣುತ್ತಿರಲಿಲ್ಲ. ಒಣಗಿದ ಮೇಲೆ ಮತ್ತೆ ಬೆಳ್ಳಗೆ ಎದ್ದು ಬರುತ್ತದೆ, ಅಷ್ಟರಲ್ಲಿ ನಾನು ಮೇಲೆ ಬಿಲ್ಲೆ ಅಂಟಿಸಿರುತ್ತಿದ್ದೆ. ಹುಟ್ಟಿದಾಗಿನಿಂದ ಒದ್ದೆ ವಿಭೂತಿ ಒಣಗಿ ಬಿಳಿಯಾಗುವುದನ್ನು ಕಂಡವಳು ನಾನು. ಅದನ್ನು ಕಂಬ ಹತ್ತುವವರು ಕಂಡುಹಿಡಿಯಬೇಕಾಯಿತು.

ಸೋಪು ಹಚ್ಚಿ ತೊಳೆದೆವು, ಬಿಳಿ ಗಡ್ಡದ ಕೂಳೆ ಬೋಳಿಸಿದೆವು, ಒಣಗಿಸಿ ಕಾದು ನೋಡಿ ಮತ್ತೆ ತೊಳೆದೆವು. ಈ ಸಲ ಎಂಟು ಮಿಲಿಆಂಪಿಗೇ ಅವರ ಹುಬ್ಬು ಮೇಲೇರಿತು. ಒಂಬತ್ತು. ಹತ್ತಕ್ಕೆ ಅವರ ಎಡಗೈ ತಟ್ಟನೆ ನನ್ನ ಮಣಿಕಟ್ಟು ಹಿಡಿಯಿತು.

"ಹಿಡೀತು," ಎಂದರು.

ನನ್ನ ಬೆರಳಿನ ಕೆಳಗೆ ಸ್ನಾಯು ಗಟ್ಟಿಯಾಗಿದ್ದು ನನಗೂ ಗೊತ್ತಾಯಿತು. ನುಂಗಿ ಎಂದೆ. ಗಂಟಲಮಣಿ ಬೆರಳನ್ನು ಪೂರ್ತಿ ದಾಟಲಿಲ್ಲ, ಆದರೆ ದಾಟಲು ಹೊರಟಿತ್ತು. ಅವತ್ತು ಸಿರುಗುಪ್ಪದ ಬಸ್ಸಿನಲ್ಲಿ ಪಕ್ಕದ ಸೀಟಿನ ಅಪರಿಚಿತ ಹೆಂಗಸಿಗೆ ಆ ಗಂಟಲಿನ ಕಥೆಯನ್ನು ಇಳಿಯುವವರೆಗೂ ಹೇಳಿದೆ. ಪಾಪ, ಅವರು ನಡುವೆ ಒಂದು ಸಲವೂ ನೀರು ಕುಡಿಯಲಿಲ್ಲ.

ಮುಂದಿನ ನಾಲ್ಕು ದಿನ ಭರದಿಂದ ಸಾಗಿದವು. ಬೆಳಗ್ಗೆ ಒಂದು ತಾಸು ಕರೆಂಟು, ಅದರ ಜೊತೆಗೆ ಹತ್ತು ಹದಿನೈದು ಸೆಕೆಂಡಿಗೊಮ್ಮೆ ಬಲವಂತದ ನುಂಗು. ಬಾಯಿಗೆ ನೀರಿಲ್ಲ, ಮಂಜುಗಡ್ಡೆಯಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ನಾಲಿಗೆ ಸವರುವುದು ಮಾತ್ರ. ಒಂದೇ ಒಂದು ಪಾಠ ಅವರಿಗೆ ಹತ್ತುತ್ತಿರಲಿಲ್ಲ. ನುಂಗುವಾಗ ಗದ್ದವನ್ನು ಎದೆಗೆ ತರಬೇಕು. ಹಾಗೆ ತಲೆ ಬಗ್ಗಿಸಿದರೆ ಶ್ವಾಸನಾಳದ ಬಾಯಿ ಕಿರಿದಾಗಿ, ಇಂಥ ಕೆಲವರಿಗೆ ಸೋರುವುದು ತಪ್ಪುತ್ತದೆ. ಎರಡು ಸಲ ಬಗ್ಗಿಸುತ್ತಿದ್ದರು, ಮೂರನೆಯ ಸಲಕ್ಕೆ ಕಂಬದ ತುದಿ ನೋಡುವವರಂತೆ ತಲೆ ಮೇಲೆತ್ತಿ ನುಂಗುತ್ತಿದ್ದರು. ನಾನು ಗದರಿದರೆ ನಕ್ಕುಬಿಡುತ್ತಿದ್ದರು.

ಒಂಬತ್ತನೆಯ ದಿನ ಜ್ವರ ಬಂತು. ಎದೆಯ ಎಕ್ಸ್‌ರೇಯಲ್ಲಿ ಬಲಭಾಗದ ಕೆಳಗೆ ಬಿಳಿ ಮಚ್ಚೆ. ನರರೋಗದ ಡಾಕ್ಟರು ಚಿತ್ರವನ್ನು ನನ್ನ ಮುಂದೆ ಹಿಡಿದು, ಸಮಾಧಾನದಿಂದಲೇ, ಏನೋ ಒಳಗೆ ಸೋರುತ್ತಿದೆ, ಕರೆಂಟ್ ನಿಲ್ಲಿಸಿ, ಜ್ವರ ಇಳಿದ ಮೇಲೆ ಹೊಟ್ಟೆಗೆ ನಳಿಗೆ ಹಾಕೋಣ ಎಂದರು. ನಳಿಗೆಯ ಅಳತೆ ನೋಡಿದೆ, ಜರುಗಿರಲಿಲ್ಲ. ಮಂಚದ ತಲೆಭಾಗ ಏರಿಸಿಯೇ ಇತ್ತು. ಹೆಂಡತಿಯನ್ನು ಕೇಳಿದೆ, ಬಾಯಿಗೆ ಏನಾದರೂ ಹಾಕಿದ್ದೀರಾ, ಊಟ, ಹಾಲು, ಚಹಾ, ನೀರು. ಅವರು ಕೊರಳಿನ ಲಿಂಗ ಮುಟ್ಟಿ, ಒಂದು ಹನಿಯೂ ಇಲ್ಲವೆಂದರು. ಆ ಮುಖ ಸುಳ್ಳು ಹೇಳುವ ಮುಖವಲ್ಲ. ಹಾಗಾದರೆ ಜೊಲ್ಲೇ ಸೋರುತ್ತಿರಬೇಕು, ನನ್ನ ಕರೆಂಟಿನಿಂದ ಏನೂ ಉಪಯೋಗವಾಗಿಲ್ಲ ಎಂದುಕೊಂಡು ಮನೆಗೆ ಹೋದೆ.

ಮರುದಿನ ಮೊದಲ ಬಸ್ಸಿಗೇ ಹೊರಟುಬಿಟ್ಟೆ. ಯಾಕೆಂದು ಕೇಳಿದರೆ ನಿಖರವಾಗಿ ಹೇಳಲಾರೆ. ಹನ್ನೊಂದರ ಮೊದಲು ಆ ಕೋಣೆಯಲ್ಲಿ ಏನು ನಡೆಯುತ್ತದೆಂದು ನಾನು ಒಮ್ಮೆಯೂ ನೋಡಿರಲಿಲ್ಲ, ಅದು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಎಂಟಕ್ಕೆ ಬಾಗಿಲಲ್ಲಿ ನಿಂತಾಗ ಪೂಜೆ ನಡೆದಿತ್ತು. ಲೈನ್‌ಮನ್ ದಿಂಬಿಗೆ ಒರಗಿದ್ದರು. ಅವರ ಎಡ ಅಂಗೈಯಲ್ಲಿ ಲಿಂಗವಿಟ್ಟು ಹೆಂಡತಿ ಸಣ್ಣ ತಂಬಿಗೆಯಿಂದ ನೀರು ಬಿಟ್ಟರು, ಹೂವು ಏರಿಸಿದರು, ಊದುಬತ್ತಿಯನ್ನು ಹಚ್ಚದೆ ಹಾಗೇ ಬೆಳಗಿದರು, ನರ್ಸ್ ಬೆಂಕಿ ಬೇಡವೆಂದಿದ್ದರಲ್ಲ. ಆಮೇಲೆ ಬಟ್ಟಲಲ್ಲಿ ಇಳಿದ ನೀರನ್ನು ಒಂದು ಪುಟ್ಟ ಚಮಚದಲ್ಲಿ ತೆಗೆದು, ಗಂಡನ ತಲೆಯನ್ನು ಹಿಂದಕ್ಕೆ ವಾಲಿಸಿ, ಬಾಯಿಗೆ ಬಿಟ್ಟರು. ಒಂದು. ಎರಡು. ಮೂರು. ಕೆಮ್ಮಿಲ್ಲ, ದಮ್ಮಿಲ್ಲ. ಅವರು ಕಣ್ಣು ಮುಚ್ಚಿಕೊಂಡು ಶಾಂತವಾಗಿದ್ದರು, ನೀರು ಎಲ್ಲಿಗೆ ಹೋಗುತ್ತಿದೆಯೆಂದು ನನಗೆ ಮಾತ್ರ ಗೊತ್ತಿತ್ತು.

ನೀರು ಕೊಟ್ಟಿಲ್ಲ ಅಂದಿರಲ್ಲ ಅಮ್ಮಾ ಎಂದು ಸಿಟ್ಟಿನಿಂದಲೇ ಕೇಳಿದೆ. ಅವರು ನನ್ನನ್ನು ಅರ್ಥವಾಗದವರಂತೆ ನೋಡಿದರು.

"ಇದು ನೀರಲ್ಲವ್ವಾ," ಎಂದರು. "ಪಾದೋದಕ."

ನನ್ನ ಸಿಟ್ಟು ಅಲ್ಲೇ ತಿರುಗಿ ನನ್ನ ಮೇಲೇ ಬಂತು. ಅವರು ಸುಳ್ಳು ಹೇಳಿರಲಿಲ್ಲ. ನಾನು ಊಟ, ಹಾಲು, ಚಹಾ, ನೀರು ಎಂದು ಕೇಳಿದ್ದೆ, ಪಾದೋದಕ ಅದರಲ್ಲಿ ಯಾವುದೂ ಅಲ್ಲ. ಅಜ್ಜಿಯ ಅಂಗೈಯಿಂದ ನಾನೇ ಎಷ್ಟೋ ಸಲ ಕುಡಿದಿದ್ದೇನೆ, ಯಾವತ್ತೂ ಅದನ್ನು ನೀರು ಕುಡಿದೆ ಎಂದುಕೊಂಡಿಲ್ಲ. ಬೂದಿ ಸಿಕ್ಕ ದಿನವೇ ಪೂಜೆ ನಡೆಯುತ್ತಿದೆ ಎಂದು ಗೊತ್ತಾಗಿತ್ತು. ಪೂಜೆಯ ಕೊನೆಗೆ ಏನು ಬರುತ್ತದೆಂದು ಅವತ್ತೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಅದರ ಫಲ ಅವರ ಶ್ವಾಸಕೋಶದಲ್ಲಿತ್ತು.

ವಿಷಯ ತಿಳಿಸಿ ಹೇಳಿದೆ. ಹೆಂಡತಿ ಚಮಚವನ್ನು ಕೆಳಗಿಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಿಟಕಿಯ ಕಡೆ ಹೋದರು. ತಪ್ಪು ನನ್ನದು, ಸರಿಯಾಗಿ ಕೇಳಲಿಲ್ಲ ಎಂದು ಎರಡೆರಡು ಸಲ ಹೇಳಿದರೂ ಅವರು ತಿರುಗಲಿಲ್ಲ. ಲೈನ್‌ಮನ್ ಮಾತ್ರ ಎಲ್ಲ ಕೇಳಿಸಿಕೊಂಡು, ಸಣ್ಣ ಹುಡುಗನಾಗಿದ್ದಾಗ ದೀಕ್ಷೆ ಕೊಟ್ಟ ದಿನದಿಂದ ಇದನ್ನು ಬಿಟ್ಟಿಲ್ಲವೆಂದು ತೊದಲಿ ತೊದಲಿ ಹೇಳಿದರು. ಸಿರಿಗೇರಿಯ ಹೊಲದಲ್ಲಿ ಮಳೆಗೆ ಲೈನು ಬಿದ್ದಾಗಲೂ ಪಂಪ್‌ಸೆಟ್ಟಿನ ಕಟ್ಟೆಯ ಮೇಲೆ ಕೂತು ಪೂಜೆ ಮುಗಿಸಿಯೇ ಕಂಬ ಹತ್ತಿದ್ದರಂತೆ.

"ಹೊಟ್ಟಿಗೆ ಪೈಪ್ ಹಾಕ್ರಿ, ಬದುಕ್ತೀನಿ," ಎಂದರು. "ಇದನ್ನ ಮಾತ್ರ ಪೈಪಿನ್ಯಾಗ ಹಾಕಬ್ಯಾಡ್ರಿ."

ಅವತ್ತು ಆ ಎಡಗೈ ಬಾಯಿಯ ಮೇಲೆ ಯಾಕೆ ಹೋಗಿತ್ತೆಂದು ನನಗೆ ಆಗ ತಿಳಿಯಿತು. ಅವರಿಗೆ ಬೇಕಿದ್ದದ್ದು ರೊಟ್ಟಿಯಲ್ಲ, ಮಿರ್ಚಿ ಬಜಿಯಲ್ಲ, ದಿನಕ್ಕೆ ಮೂರು ಗುಟುಕು. ಅದೇ ಮೂರು ಗುಟುಕು ಅವರನ್ನು ಕೊಲ್ಲುತ್ತಿತ್ತು.

ಮನೆಯಲ್ಲಿ ಹೇಗೆ ತೆಗೆದುಕೊಳ್ಳುತ್ತಿದ್ದಿರಿ, ಚಮಚದಲ್ಲೇ? ಎಂದು ಕೇಳಿದೆ. ಸುಮ್ಮನೆ ಮಾತು ಮುಂದುವರಿಸಲು ಕೇಳಿದ ಪ್ರಶ್ನೆ. ಅವರು ತಲೆಯಲ್ಲಾಡಿಸಿ, ದಿಂಬು ಬಿಟ್ಟು ನೆಟ್ಟಗೆ ಕೂತು, ಬರಿದಾದ ಎಡ ಅಂಗೈಯನ್ನು ಎದೆಯ ಮುಂದೆ ಹಿಡಿದು ತೋರಿಸಿದರು. ಆಮೇಲೆ ಕೈಯನ್ನು ಬಾಯಿಗೆ ಎತ್ತಲಿಲ್ಲ. ಬಾಯಿಯನ್ನು ಕೈಯ ಬಳಿಗೆ ತಂದರು. ನಿಧಾನಕ್ಕೆ, ತಲೆ ಬಾಗಿಸಿ, ಗದ್ದ ಎದೆಗೆ ತಾಗುವಷ್ಟು ಬಗ್ಗಿ, ಅಂಗೈಯಿಂದ ಹೀರಿದಂತೆ ಮಾಡಿ, ಹಾಗೇ ಬಗ್ಗಿದಲ್ಲೇ ನುಂಗಿದರು.

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ನಾಲ್ಕು ದಿನ ಗಂಟಲು ಹರಿದುಕೊಂಡು ನಾನು ಕಲಿಸಲು ಹೋಗಿ ಸೋತ ಭಂಗಿ ಅದು, ಅವರ ಮೈಗೆ ಬಾಲ್ಯದಿಂದ ಗೊತ್ತು. ಸಣ್ಣ ಗುಟುಕು, ಪೂರ್ತಿ ಗಮನ, ಬಾಗಿದ ತಲೆ. ಮತ್ತೊಮ್ಮೆ ಮಾಡಿ ಎಂದೆ, ಬೆರಳು ಕತ್ತಿನ ಮೇಲಿಟ್ಟೆ. ಗಂಟಲಮಣಿ ಬೆರಳನ್ನು ದಾಟಿತು. ಮೂರು ಸಲ ಮಾಡಿಸಿದೆ, ಮೂರೂ ಸಲ ದಾಟಿತು, ಒಮ್ಮೆಯೂ ತಲೆ ಮೇಲೇಳಲಿಲ್ಲ. ಆಸ್ಪತ್ರೆಯ ಮಂಚ ಮತ್ತು ಚಮಚ ಸೇರಿ ಆ ಬಾಗಿದ ತಲೆಯನ್ನು ಹಿಂದಕ್ಕೆ ವಾಲಿಸಿದ್ದವು, ತಪ್ಪು ಇದ್ದದ್ದು ಅಲ್ಲಿ.

ಪಾದೋದಕ ನಿಲ್ಲಿಸಿ ಎಂದು ಬರೆದು ಕೈತೊಳೆದುಕೊಳ್ಳುವುದು ಸುಲಭವಿತ್ತು. ನಿಯಮದ ಪ್ರಕಾರ ಅದೇ ಸರಿಯೂ ಇತ್ತು. ಆದರೆ ಆ ಗುಟುಕನ್ನೇ ಚಿಕಿತ್ಸೆ ಮಾಡಬೇಕೆಂದು ನಾನು ಆ ಬೆಳಗ್ಗೆಯೇ ತೀರ್ಮಾನಿಸಿದೆ. ಇಎನ್‌ಟಿ ಡಾಕ್ಟರ ಕೋಣೆಗೆ ಬಹುಶಃ ಓಡಿಯೇ ಹೋದೆ, ಅವರು ಮೊದಲು ಕೂತು ಉಸಿರು ತಗೊಳ್ಳಿ ಎಂದದ್ದು ನೆನಪಿದೆ. ಅವರು ಕೇಳಿ ತಲೆದೂಗಿದರು. ನರರೋಗದ ಡಾಕ್ಟರು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಜ್ವರ ಪೂರ್ತಿ ಇಳಿಯಬೇಕು, ಬಾಯಿ ದಿನಕ್ಕೆ ಮೂರು ಸಲ ಬ್ರಷ್ಷಿನಿಂದ ಸ್ವಚ್ಛವಾಗಬೇಕು, ಆಮೇಲೆ ಕ್ಯಾಮೆರಾದ ಎದುರಿಗೆ ಒಂದೇ ಒಂದು ಪರೀಕ್ಷೆ. ಸೋರಿದರೆ ಮರುದಿನವೇ ಹೊಟ್ಟೆಯ ನಳಿಗೆ, ಆಗ ವಾದ ಮಾಡಬಾರದು. ನಾನು ಒಪ್ಪಿದೆ. ಅಲ್ಲಿಯವರೆಗೆ ಪಾದೋದಕವನ್ನು ಕಣ್ಣಿಗೆ ಒತ್ತಿಕೊಳ್ಳುವುದೆಂದು ಗಂಡ ಹೆಂಡತಿಯೂ ಒಪ್ಪಿದರು. ಬಾಯಿ ತಿಕ್ಕುವ ಕೆಲಸವನ್ನು ಹೆಂಡತಿ ಹಟ ಹಿಡಿದು ತಾವೇ ವಹಿಸಿಕೊಂಡರು. ಜ್ವರ ಇಳಿಯಲು ಹಿಡಿದ ಐದು ದಿನದಲ್ಲಿ ಅಷ್ಟು ಸ್ವಚ್ಛವಾದ ಬಾಯಿ ನಮ್ಮ ವಾರ್ಡಿನಲ್ಲಿ ಬೇರೆ ಯಾರದೂ ಇರಲಿಲ್ಲ.

ಪರೀಕ್ಷೆಯ ದಿನ ನಾನು ಎದ್ದಾಗಿನಿಂದ ಒಂದು ಕಡೆ ನಿಲ್ಲಲಾರದೆ ಓಡಾಡುತ್ತಿದ್ದೆ. ಲೈನ್‌ಮನ್ನರನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿದೆವು. ಕತ್ತು ಸೋಪಿನಿಂದ ತೊಳೆದು ಒಣಗಿಸಿದ ಮೇಲೆ ಹೆಬ್ಬೆರಳಿನಿಂದ ತಿಕ್ಕಿ ತಾವೇ ಪರೀಕ್ಷಿಸಿ, ಬೂದಿಯಿಲ್ಲವೆಂದು ಖಾತ್ರಿ ಮಾಡಿದರು. ಬಿಲ್ಲೆ ಅಂಟಿಸಿ ಹತ್ತಕ್ಕೆ ಏರಿಸಿದೆ. ಹಿಡೀತು ಎಂದು ಕಣ್ಣಲ್ಲೇ ಹೇಳಿದರು. ಕ್ಯಾಮೆರಾ ಮೂಗಿನಿಂದ ಇಳಿಯಿತು. ತಲೆ ಬಗ್ಗಿಸಿದಾಗ ಕೊಳವೆ ಜಾರದಂತೆ ಇಎನ್‌ಟಿ ಡಾಕ್ಟರು ನೆಲಕ್ಕೆ ಮಂಡಿಯೂರಿ ಕೂರಬೇಕಾಯಿತು. ನರರೋಗದ ಡಾಕ್ಟರು ಕೈಕಟ್ಟಿ ಪರದೆಯ ಮುಂದೆ ನಿಂತರು. ಹಸಿರು ನೀರನ್ನು ಲೈನ್‌ಮನ್ನರ ಎಡ ಅಂಗೈಗೆ ನಾನೇ ಬಿಟ್ಟೆ. ಇದು ಪಾದೋದಕವಲ್ಲ, ಬರೀ ಬಣ್ಣದ ನೀರು ಎಂದೆ. ಆದರೂ ಅವರು ಒಂದು ಕ್ಷಣ ಕಣ್ಣು ಮುಚ್ಚಿಕೊಂಡರು.

ತಲೆ ಬಾಗಿತು. ಪರದೆ ಬೆಳ್ಳಗಾಯಿತು, ನುಂಗುವ ಗಳಿಗೆಯಲ್ಲಿ ಕ್ಯಾಮೆರಾಕ್ಕೆ ಏನೂ ಕಾಣುವುದಿಲ್ಲ. ಅರ್ಧ ಸೆಕೆಂಡೂ ಇರದ ಆ ಬಿಳಿ ನನಗೆ ಮುಗಿಯದಂತೆ ಅನಿಸಿತು. ಚಿತ್ರ ಮರಳಿ ಬಂದಾಗ ಧ್ವನಿತಂತುಗಳು ಮುತ್ತಿನಂತೆ ಬೆಳ್ಳಗಿದ್ದವು. ನಾಲಿಗೆಯ ಬುಡದಲ್ಲಿ ಸ್ವಲ್ಪ ಹಸಿರು ಉಳಿದಿತ್ತು, ಇನ್ನೊಮ್ಮೆ ಬರಿದೇ ನುಂಗಿ ಎಂದೆ, ಅದೂ ಹೋಯಿತು. ಎರಡನೆಯ ಗುಟುಕೂ ಹಾಗೇ ಇಳಿಯಿತು. ಮೂರನೆಯ ಗುಟುಕಿಗೆ ಒಂದು ಎಳೆ ಹಸಿರು ಶ್ವಾಸನಾಳದ ಅಂಚಿಗೆ ಬಂದು ನಿಂತಿತು.

ಲೈನ್‌ಮನ್ ಕೆಮ್ಮಿದರು.

ಖೊಳ್ ಎಂದು, ಕೋಣೆ ತುಂಬುವಂತೆ ಕೆಮ್ಮಿದರು. ಹಸಿರು ಎಳೆ ಹೊರಗೆ ಚಿಮ್ಮಿ, ಮಂಡಿಯೂರಿದ್ದ ಇಎನ್‌ಟಿ ಡಾಕ್ಟರ ಕನ್ನಡಕದ ಮೇಲೆ ಬಿತ್ತು. ಅವರು ಅದನ್ನು ಒರೆಸಿಕೊಳ್ಳದೆ ನಗತೊಡಗಿದರು. ತಿಂಗಳಿಂದ ಸತ್ತಂತಿದ್ದ ಕೆಮ್ಮು ತಿರುಗಿ ಬಂದಿತ್ತು, ಒಳಗೆ ತಪ್ಪಿ ಬಂದದ್ದನ್ನು ಹೊರಗೆ ದಬ್ಬುವ ಕಾವಲುಗಾರ ಎದ್ದಿದ್ದ. ನನಗೆ ಕಣ್ಣೀರು ಬಂತು, ನಾಚಿಕೆಯನ್ನೇನೂ ಪಡಲಿಲ್ಲ. ನರರೋಗದ ಡಾಕ್ಟರು ಕೈಬಿಚ್ಚಿ, ಇನ್ನೂ ಹತ್ತು ದಿನ ತಗೊಳ್ಳಿ ಎಂದಷ್ಟೇ ಹೇಳಿ ಹೊರಟರು. ಬಾಗಿಲ ಬಳಿ ನಿಂತು, ಆ ವಿಡಿಯೋ ನನಗೂ ಕಳಿಸಿ ಎಂದರು.

ಆ ಹತ್ತು ದಿನ ನಮ್ಮ ಚಿಕಿತ್ಸೆಯ ಹೊತ್ತು ಬದಲಾಯಿತು. ಎಂಟಕ್ಕೆ ಬಾಯಿ ಸ್ವಚ್ಛ, ಪೂಜೆ, ವಿಭೂತಿ ಹಣೆಗೆ ಮಾತ್ರ, ಗಂಟಲಿಗೆ ಬಿಲ್ಲೆ. ಮೊದಲ ಮೂರು ನುಂಗು ಪಾದೋದಕದ್ದು, ಆಮೇಲೆ ಅದೇ ಬಾಗಿದ ತಲೆಯಲ್ಲಿ ಜೋಳದ ಅಂಬಲಿ. ಅಂಬಲಿಯ ಹದವನ್ನು ಅವರ ಹೆಂಡತಿ ನನಗಿಂತ ಚೆನ್ನಾಗಿ ಹಿಡಿದರು, ಚಮಚ ವಾಲಿಸಿದರೆ ಹರಿಯಬಾರದು, ಮುದ್ದೆಯಾಗಿ ಜಾರಬೇಕು. ಗುಟುಕಾದ ಮೇಲೆ ದನಿ ಒದ್ದೆಯಾಗಿದೆಯೇ ಎಂದು ತಿಳಿಯಲು ಏನಾದರೂ ಗಟ್ಟಿಯಾಗಿ ಹೇಳಿ ಎಂದಿದ್ದೆ. ಅವರು ಓಂ ನಮಃ ಶಿವಾಯ ಎಂದು ಹೇಳತೊಡಗಿದರು. ನಾನು ಮಂತ್ರದೊಳಗಿನ ಗೊರಗೊರ ಸದ್ದಿಗೆ ಕಿವಿಗೊಟ್ಟು ಕೂರುತ್ತಿದ್ದೆ. ದಿನದಿಂದ ದಿನಕ್ಕೆ ಮಂತ್ರ ಒಣಗುತ್ತಾ ಬಂತು. ಎಂಟನೆಯ ದಿನ ಒಂದು ಬಟ್ಟಲು ಅಂಬಲಿ ಬಾಯಿಂದಲೇ ಹೋಯಿತು. ಹತ್ತನೆಯ ದಿನ ಮತ್ತೊಮ್ಮೆ ಕ್ಯಾಮೆರಾ ಇಳಿಸಿ ನೋಡಿ, ನರರೋಗದ ಡಾಕ್ಟರೇ ಮೂಗಿನ ನಳಿಗೆಯನ್ನು ಎಳೆದು ತೆಗೆದರು.

ಇದರಲ್ಲಿ ಕರೆಂಟಿನ ಪಾಲೆಷ್ಟು, ದಿನ ಕಳೆದಂತೆ ತಾನಾಗಿ ಚೇತರಿಸಿದ ಮಿದುಳಿನ ಪಾಲೆಷ್ಟು, ಆ ಬಾಗಿದ ತಲೆಯ ಪಾಲೆಷ್ಟು ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಒಬ್ಬರ ಗಂಟಲಿನಿಂದ ಲೋಕಕ್ಕೆಲ್ಲ ತೀರ್ಪು ಕೊಡಲಾಗದು. ನನ್ನ ಪ್ರಶ್ನೆಗಳ ಹಾಳೆ ಮಾತ್ರ ಬದಲಾಗಿದೆ. ಊಟ, ಹಾಲು, ಚಹಾ, ನೀರಿನ ಕೆಳಗೆ ಪಾದೋದಕ, ತೀರ್ಥ, ಪ್ರಸಾದ, ಮೆಕ್ಕಾದ ಜಂಜಂ ನೀರು ಎಂದು ಕೈಯಲ್ಲೇ ಬರೆದುಕೊಂಡಿದ್ದೇನೆ. ಕೇಳಿದಾಗ ಎಷ್ಟು ಜನ ಹೌದು ಎನ್ನುತ್ತಾರೆಂದು ನೋಡಿ ನನಗೇ ಆಶ್ಚರ್ಯ.

ಎರಡು ವಾರ ಬಿಟ್ಟು ಒಂದು ಭಾನುವಾರ ಕುರುಗೋಡಿಗೆ ಹೋದೆ. ಬಸ್‌ಸ್ಟ್ಯಾಂಡಿನಿಂದ ಮನೆ ಹುಡುಕಿಕೊಂಡು ಮುಟ್ಟುವಾಗ ಬಿಸಿಲೇರಿತ್ತು. ಪೂಜೆ ನಡೆದಿದೆ ಎಂದು ಹೆಂಡತಿ ಸನ್ನೆ ಮಾಡಿದರು, ನಾನು ಪಡಸಾಲೆಯಲ್ಲಿ ನಿಂತೆ. ಒಳಗಿನಿಂದ ಮಂತ್ರ ಕೇಳಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ, ಆಮೇಲೆ ಇನ್ನೊಮ್ಮೆ. ತೊದಲು ಇನ್ನೂ ಇತ್ತು, ಒದ್ದೆ ಒಂದಿಷ್ಟೂ ಇರಲಿಲ್ಲ. ಯಂತ್ರವೂ ಇರಲಿಲ್ಲ, ಬಿಲ್ಲೆಯೂ ಇರಲಿಲ್ಲ. ಅದಾದ ಮೇಲೆ ಅವರು ಗೋಡೆ ಹಿಡಿದು ಕಾಲೆಳೆಯುತ್ತಾ ಹೊರಗೆ ಬಂದರು, ಗಂಟಲ ಮೇಲೆ ದಪ್ಪ ವಿಭೂತಿ. ಕಾಂಟ್ಯಾಕ್ಟ್ ಲೂಸ್ ಆಗುತ್ತದೆ ನೋಡಿ ಎಂದು ಛೇಡಿಸಿದೆ. ಇನ್ನು ಲೈನ್ ಬೇಕಾಗಿಲ್ಲವೆಂದು ಕೈಯಾಡಿಸಿದರು.

ಹೆಂಡತಿ ಎರಡು ಲೋಟ ನೀರು ತಂದಿಟ್ಟರು, ಒಂದು ನನಗೆ, ಒಂದು ಅವರಿಗೆ. ಅವರು ಲೋಟವನ್ನು ಎದೆಯ ಮುಂದೆ ಹಿಡಿದು, ತಲೆ ಬಾಗಿಸಿ, ಒಂದು ಗುಟುಕು ನುಂಗಿದರು. ನನ್ನ ಕಣ್ಣು ಎಲ್ಲಿರಬೇಕೋ ಅಲ್ಲೇ ಇತ್ತು. ಗಂಟಲಮಣಿ ಏರಿತು, ಇಳಿಯಿತು. ಎರಡನೆಯ ಗುಟುಕು. ಮೂರನೆಯದು. ನನ್ನ ಕೈಯ ಲೋಟ ಹಾಗೇ ತುಂಬಿತ್ತು, ನನಗದರ ನೆನಪೇ ಇರಲಿಲ್ಲ. ಅವರು ತಮ್ಮ ಲೋಟ ಕೆಳಗಿಟ್ಟು, ಬಾಯಿ ಒರೆಸಿಕೊಂಡು, ನನ್ನ ಕಡೆ ತಿರುಗಿ ಕೂತು, ಎಡಗೈಯ ನಾಲ್ಕು ಬೆರಳನ್ನು ನಾನು ಹಿಡಿಯುವಂತೆಯೇ ಗಾಳಿಯಲ್ಲಿ ಹಿಡಿದರು.

"ಈಗ ನೀವು ನುಂಗ್ರಿ ಮೇಡಂ," ಎಂದರು. "ನಾ ನೋಡ್ತೀನಿ."